ಮೊದಲು ಬಗ್ಗಬೇಕಾದವರು ಯಾರು? ದಿನನಿತ್ಯದ ಜಗಳಗಳೂ ಕ್ರೈಸ್ತ ವಿಶ್ವಾಸವೂ

ನಲ್ಲಿ ನೀರಿನ ಸರದಿ, ಅಣ್ಣತಮ್ಮಂದಿರ ಮನೆ ಪಾಲು, ಅತ್ತೆ ಸೊಸೆಯ ಮುನಿಸು, ಕಾರ್ಖಾನೆಯ ಶಿಫ್ಟಿನಲ್ಲಿ ಮೇಲಿನವರ ಬೈಗುಳ, ಕೊಟ್ಟ ಸಾಲ ವಾಪಸು ಬಾರದ ಸಂಕಟ. ಇವು ಯಾವ ಧರ್ಮದವರ ಮನೆಯನ್ನೂ ಬಿಟ್ಟಿಲ್ಲ. ಕ್ರೈಸ್ತರ ಮನೆಯಲ್ಲಿ ಇವುಗಳ ಜೊತೆಗೆ ಮತ್ತೊಂದು ಪ್ರಶ್ನೆ ಬಂದು ಕೂರುತ್ತದೆ: ಯೇಸುವನ್ನು ನಂಬಿದವರು ಇಲ್ಲಿ ಹೇಗೆ ನಡೆದುಕೊಳ್ಳಬೇಕು? ಕ್ಷಮಿಸಬೇಕು ಎಂಬ ಉತ್ತರ ಎಲ್ಲರಿಗೂ ಗೊತ್ತು. ಆದರೆ ಕ್ಷಮಿಸುವುದೆಂದರೆ ಸುಮ್ಮನಿರುವುದೇ? ತಪ್ಪು ಮಾಡಿದವರು ಒಪ್ಪಿಕೊಳ್ಳುವ ಮೊದಲೇ ಕ್ಷಮಿಸಬೇಕೇ? ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದರೆ ವಿಶ್ವಾಸ ಕಡಿಮೆಯಾಯಿತೆಂದು ಅರ್ಥವೇ? ಇವಕ್ಕೆ ಕ್ರೈಸ್ತರೊಳಗೇ ಒಮ್ಮತವಿಲ್ಲ.

ಈ ಚರ್ಚೆಯನ್ನು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ನೆಲದಿಂದ ನೋಡುವುದಕ್ಕೆ ಕಾರಣವಿದೆ. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಹೊಸಪೇಟೆ, ಹಂಪಿ ಸೇರಿದವು; ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಕ್ರೈಸ್ತ ಚರಿತ್ರೆಯ ಮಟ್ಟಿಗೆ ಮಾತ್ರ ನಾಲ್ಕೂ ಬಳ್ಳಾರಿ ಸೀಮೆಯೇ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87ರಷ್ಟು, ಅಂದರೆ ಸುಮಾರು ಹನ್ನೊಂದೂವರೆ ಲಕ್ಷ. ಅವರಲ್ಲಿ ಹೆಚ್ಚಿನವರು ಬೆಂಗಳೂರು ಮತ್ತು ಕರಾವಳಿಯಲ್ಲಿದ್ದಾರೆ. ಈ ಸೀಮೆಯಲ್ಲಿ ಅವರು ಓಣಿಗೆ ಒಂದೆರಡು ಮನೆ. ಹಾಗಾಗಿ ಇಲ್ಲಿಯ ಕ್ರೈಸ್ತರ ಜಗಳವಾಗಲಿ ರಾಜಿಯಾಗಲಿ ಬಹುಪಾಲು ಬೇರೆ ಧರ್ಮದ ನೆರೆಯವರ ಜೊತೆಗೇ.

ಗ್ರಂಥದಲ್ಲಿ ಏನಿದೆ

ಎಲ್ಲ ಪಂಗಡದವರೂ ಹಿಂತಿರುಗಿ ನೋಡುವ ವಾಕ್ಯಭಾಗಗಳು ಕೆಲವೇ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ, ಕಾಣಿಕೆ ಹಿಡಿದು ಯಜ್ಞವೇದಿಯ ಬಳಿ ನಿಂತವನಿಗೆ ತನ್ನ ಮೇಲೆ ಸಹೋದರನಿಗೆ ಅಸಮಾಧಾನವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂದು ಯೇಸು ಹೇಳುತ್ತಾನೆ. ಇಲ್ಲಿ ಹೊರಡಬೇಕಾದವನು ನೋಯಿಸಿದವನು. ಅದೇ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಇನ್ನೊಂದು ಕ್ರಮವಿದೆ. ತಪ್ಪು ಮಾಡಿದವನ ಬಳಿ ಮೊದಲು ಒಬ್ಬನೇ ಹೋಗು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಇಲ್ಲಿ ಹೊರಡಬೇಕಾದವನು ನೊಂದವನು. ಒಂದೇ ಸುವಾರ್ತೆ ಇಬ್ಬರನ್ನೂ ಎಬ್ಬಿಸಿ ಕಳಿಸುತ್ತದೆ.

ಪೌಲನ ಪತ್ರಗಳು ಇದಕ್ಕೆ ಮೂರು ವಿಷಯ ಸೇರಿಸುತ್ತವೆ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯ, ನಿಮ್ಮ ಕೈಲಾದಷ್ಟು ಎಲ್ಲರೊಡನೆ ಸಮಾಧಾನವಾಗಿರಿ ಎಂಬ ಅರ್ಥದ ಬುದ್ಧಿ ಹೇಳುತ್ತದೆ. ಸಮಾಧಾನ ಒಬ್ಬರ ಕೈಯಲ್ಲಷ್ಟೇ ಇಲ್ಲ ಎಂಬ ಒಪ್ಪಿಗೆಯೂ ಆ ಮಾತಿನಲ್ಲಿ ಸೇರಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯ, ವಿಶ್ವಾಸಿಗಳು ಪರಸ್ಪರ ನ್ಯಾಯಾಲಯಕ್ಕೆ ಹೋಗುವುದನ್ನು ಗದರಿಸುತ್ತದೆ. ಅದೇ ಪತ್ರದ 8 ಮತ್ತು 10ನೇ ಅಧ್ಯಾಯಗಳು ವಿಗ್ರಹಕ್ಕೆ ಅರ್ಪಿಸಿದ ಆಹಾರದ ಪ್ರಶ್ನೆಯನ್ನು ಎತ್ತಿಕೊಳ್ಳುತ್ತವೆ. ಜಾತ್ರೆಗಳ ಈ ನಾಡಿನಲ್ಲಿ ಆ ಪ್ರಶ್ನೆಗೆ ಇನ್ನೂ ವಯಸ್ಸಾಗಿಲ್ಲ.

ಬಳ್ಳಾರಿ ಸೀಮೆಯ ಹಾದಿ

ಇಲ್ಲಿಗೆ ಬಂದ ಮೊದಲ ಕ್ರೈಸ್ತರು ವ್ಯಾಪಾರಿಗಳು, ದೂತರು. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಫ್ರಾನ್ಸಿಸ್ಕನ್ ಸನ್ಯಾಸಿ ಲೂಯಿಸನನ್ನು ಕೃಷ್ಣದೇವರಾಯನಲ್ಲಿಗೆ ಕಳಿಸಿದ. ಕೆಲವೇ ವರ್ಷಗಳ ನಂತರ ಬರೆದ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೊಸಾ, ವಿಜಯನಗರದಲ್ಲಿ ಕ್ರೈಸ್ತ, ಯಹೂದಿ, ಮುಸಲ್ಮಾನ ಎಂದು ವಿಚಾರಿಸದೆ ಯಾರನ್ನಾದರೂ ಅವರವರ ಮತದಂತೆ ಬದುಕಲು ಬಿಡುತ್ತಾರೆಂದು ದಾಖಲಿಸಿದ್ದಾನೆ. ಬಾರ್ಬೊಸಾ ಕಂಡದ್ದು ಪರಸ್ಥಳದವರಿಗೆ ಸಿಕ್ಕ ಸೌಜನ್ಯವನ್ನು. ಊರಿನವರೇ ಕ್ರೈಸ್ತರಾದಾಗ ಏಳುವ ತೊಡಕುಗಳಿಗೆ ಇನ್ನೂ ಮೂರು ಶತಮಾನ ಬೇಕಾಯಿತು.

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರೂ ಅವರ ಸಹೋದ್ಯೋಗಿಗಳೂ ಸೇರಿ ಇಡೀ ಬೈಬಲನ್ನು ಕನ್ನಡಕ್ಕೆ ತಂದದ್ದು ಇಲ್ಲಿ. 1831ರ ವೇಳೆಗೆ ಆ ಕೆಲಸ ಮುಗಿದಿತ್ತು. ಮತಾಂತರವಾದವರ ಮುಂದೆ ಮೊದಲು ನಿಂತ ಸಮಸ್ಯೆ ಪಂಕ್ತಿಯದು. ಒಂದೇ ಪ್ರಾರ್ಥನೆಯಲ್ಲಿ ಕುಳಿತವರು ಒಂದೇ ಪಂಕ್ತಿಯಲ್ಲಿ ಉಣ್ಣಬೇಕೋ ಬೇಡವೋ? 1850ರಲ್ಲಿ ಮದ್ರಾಸಿನ ಮಿಷನರಿ ಸಮ್ಮೇಳನ, ಅಸ್ಪೃಶ್ಯರೆನಿಸಿದ್ದ ಪರಯರು ಮಾಡಿದ ಅಡುಗೆ ಉಂಡು ಜಾತಿ ಬಿಟ್ಟದ್ದನ್ನು ತೋರಿಸದವರಿಗೆ ದೀಕ್ಷಾಸ್ನಾನ ಕೊಡಬಾರದೆಂಬ ನಿಲುವಿಗೆ ಬಂತು. ಲೈಪ್ಜಿಗ್ ಲುಥೆರನ್ ಮಿಷನ್ ಇದಕ್ಕೆ ಸಮ್ಮತಿಸಲಿಲ್ಲ. ಜಾತಿ ನಿಧಾನವಾಗಿ ಸಡಿಲವಾಗಲಿ ಎಂದಿತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದ ಭಾಗವಾಗಿದ್ದರಿಂದ ಈ ವಾದ ಇಲ್ಲಿಗೂ ಮುಟ್ಟುವಂಥದ್ದು.

ಇದೇ ಕಾಲದಲ್ಲಿ ಬಳ್ಳಾರಿಯ ಒಂದು ಕುಟುಂಬದ ಪಾಲಿನ ಜಗಳ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ದಲಿತ ಮೂಲದ ಕ್ರೈಸ್ತ ಮನೆತನದ ಮ್ಯಾಥ್ಯೂ ಅಬ್ರಹಾಂ, ಷಾರ್ಲೆಟ್ ಫಾಕ್ಸ್ ಎಂಬ ಮಿಶ್ರ ಮೂಲದ ಹೆಣ್ಣನ್ನು ಮದುವೆಯಾಗಿ, ವ್ಯಾಪಾರದಲ್ಲಿ ದೊಡ್ಡ ಆಸ್ತಿ ಗಳಿಸಿ 1842ರಲ್ಲಿ ತೀರಿಕೊಂಡರು. ನಂತರ ಅತ್ತಿಗೆಗೂ ಮೈದುನ ಫ್ರಾನ್ಸಿಸ್‌ಗೂ ಮನಸ್ತಾಪವಾಯಿತು. ನಮ್ಮದು ಹಿಂದೂಗಳಂತೆ ಅವಿಭಕ್ತ ಕುಟುಂಬ, ನನಗೂ ಪಾಲಿದೆ ಎಂದು ಮೈದುನ. ನಾವು ಬದುಕಿದ್ದು ಯೂರೋಪಿಯನ್ನರ ರೀತಿಯಲ್ಲಿ, ಆ ಕಾನೂನು ನಮಗಿಲ್ಲ ಎಂದು ಅತ್ತಿಗೆ. ಮತಾಂತರವಾದವನು ಹಳೆಯ ಕಾನೂನನ್ನು ಇಟ್ಟುಕೊಳ್ಳಬಹುದು, ಬಿಡಲೂಬಹುದು. ಅವನು ನಡೆದುಕೊಂಡ ರೀತಿಯೇ ಅದನ್ನು ಹೇಳಬೇಕು ಎಂದು 1863ರಲ್ಲಿ ತೀರ್ಪಾಯಿತು. ಕ್ರೈಸ್ತರ ಆಸ್ತಿಗೆ ಅನ್ವಯಿಸುವ 1865ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಇದರ ಬೆನ್ನಿಗೇ ಬಂತು. ನ್ಯಾಯಾಲಯ ಬೇಡ ಎಂದ ಪೌಲನ ಮಾತನ್ನು ಕನ್ನಡಕ್ಕೆ ತಂದ ಊರಿನಿಂದಲೇ ಭಾರತೀಯ ಕ್ರೈಸ್ತರ ಹೆಸರಾದ ಕೋರ್ಟು ವ್ಯಾಜ್ಯವೊಂದೂ ಹೊರಟಿತು.

ಮುಂದಿನ ಕಥೆಯನ್ನು ಬೇಗ ಹೇಳಬಹುದು. 1947ರಲ್ಲಿ ಹಲವು ಪ್ರೊಟೆಸ್ಟೆಂಟ್ ಪಂಗಡಗಳು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆಯಿತು. 1949ರಲ್ಲಿ ಬಳ್ಳಾರಿ ಕ್ಯಾಥೋಲಿಕ್ ಧರ್ಮಪ್ರಾಂತ್ಯವಾಯಿತು. 1945ರಲ್ಲಿ ಶುರುವಾದ ತುಂಗಭದ್ರಾ ಅಣೆಕಟ್ಟು, ಸಂಡೂರಿನ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಗಣಿಗಳು, 1990ರ ದಶಕದಲ್ಲಿ ತೋರಣಗಲ್ಲಿಗೆ ಬಂದ ಉಕ್ಕಿನ ಕಾರ್ಖಾನೆ ನಾನಾ ಕಡೆಯ ಕೆಲಸಗಾರರನ್ನು ಎಳೆದುಕೊಂಡು ಬಂದವು. ಕನ್ನಡ, ತೆಲುಗು, ತಮಿಳು, ಮಲಯಾಳದ ವಿಶ್ವಾಸಿಗಳು ಅಕ್ಕಪಕ್ಕ ಬದುಕುವಂತಾಯಿತು. ಆಮೇಲೆ ಸಣ್ಣ ಪ್ರಾರ್ಥನಾ ಮಂದಿರಗಳ ಪೆಂತೆಕೋಸ್ತ ಸಭೆಗಳು ಹಬ್ಬಿದವು. ಇಂದಿನ ಚರ್ಚೆಯಲ್ಲಿ ನಾಲ್ಕು ಧಾರೆಗಳನ್ನು ಗುರುತಿಸಬಹುದು.

ಮೊದಲ ಧಾರೆ: ಹೃದಯ ಬದಲಾಗಲಿ

ಜಗಳದ ಬೇರು ನನ್ನೊಳಗಿನ ಸಿಟ್ಟು, ಹೊಟ್ಟೆಕಿಚ್ಚು, ಹಮ್ಮಿನಲ್ಲಿದೆ. ಅದನ್ನು ಕಿತ್ತರೆ ಸಂಬಂಧ ತಾನಾಗಿ ಸರಿಹೋಗುತ್ತದೆ ಎಂಬುದು ಪೆಂತೆಕೋಸ್ತ ಮತ್ತು ಸುವಾರ್ತಿಕ ಸಭೆಗಳ ಬೋಧನೆ. ಬೈದವರಿಗಾಗಿ ಪ್ರಾರ್ಥನೆ, ಉಪವಾಸ ಪ್ರಾರ್ಥನೆ, ಮನೆಮನೆಯ ಕೂಟ, ಭಾನುವಾರದ ಸಾಕ್ಷಿ ಇದರ ಸಾಧನಗಳು. ಕುಡಿತ ಬಿಟ್ಟೆ, ಹೆಂಡತಿಯ ಮೇಲೆ ಕೈ ಎತ್ತುವುದು ಬಿಟ್ಟೆ, ಹತ್ತು ವರ್ಷ ಮಾತಾಡದ ಅಣ್ಣನ ಮನೆಗೆ ನಾನೇ ಹೋದೆ ಎಂಬಂಥ ಸಾಕ್ಷಿಗಳು ಇಂಥ ಕೂಟಗಳ ಜೀವಾಳ.

ಇದನ್ನು ಬರೀ ಭಾವಾವೇಶವೆಂದು ತಳ್ಳಿಹಾಕುವಂತಿಲ್ಲ. ಮಾನವಶಾಸ್ತ್ರಜ್ಞೆ ಎಲಿಜಬೆತ್ ಬ್ರುಸ್ಕೊ ಕೊಲಂಬಿಯಾದ ಬಗ್ಗೆ 1995ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಥ ಸಭೆಗಳಿಗೆ ಸೇರಿದ ಗಂಡಸರು ಕುಡಿತ, ಜೂಜಿಗೆ ಸುರಿಯುತ್ತಿದ್ದ ಹಣವನ್ನು ಮನೆಗೆ ತರತೊಡಗಿದ್ದನ್ನು ತೋರಿಸಿತು. ಕೂಲಿಯ ಹಣ ಮನೆ ತಲುಪುವ ಮೊದಲೇ ಕರಗುವ ನಮ್ಮ ಊರುಗಳಿಗೂ ಇದು ಅನ್ವಯಿಸೀತು. ಮನಶ್ಶಾಸ್ತ್ರದಲ್ಲಿ ರಾಬರ್ಟ್ ಎನ್‌ರೈಟ್, ಎವರೆಟ್ ವರ್ದಿಂಗ್ಟನ್ ಮುಂತಾದವರು ಕ್ಷಮೆ ಮೊದಲು ಹಗುರ ಮಾಡುವುದು ಕ್ಷಮಿಸಿದವರ ಮನಸ್ಸನ್ನೇ ಎಂದು ತೋರಿಸಿದ್ದಾರೆ. ಕ್ಷಮಿಸುವುದು ಬೇರೆ, ಮತ್ತೆ ಹತ್ತಿರವಾಗುವುದು ಬೇರೆ ಎಂದೂ ಅವರು ಗೆರೆ ಎಳೆಯುತ್ತಾರೆ.

ಈ ಧಾರೆ ಎಡವುವುದು ಆ ಗೆರೆಯ ಮೇಲೆಯೇ. ಎಲ್ಲವೂ ನನ್ನ ಹೃದಯದ್ದೇ ತಪ್ಪು ಎಂದಾಗ ಎದುರಿನವರ ತಪ್ಪಿಗೆ ಹೆಸರಿಲ್ಲದಂತಾಗುತ್ತದೆ. ಕೂಲಿ ಕೊಡದ ಗುತ್ತಿಗೆದಾರನಿಗಾಗಿ ಪ್ರಾರ್ಥಿಸಬಹುದು. ಕೂಲಿಯನ್ನಂತೂ ಕೇಳಿಯೇ ಪಡೆಯಬೇಕು.

ಎರಡನೆಯ ಧಾರೆ: ಸಭೆ ನಡುವೆ ಬರಲಿ

ಒಬ್ಬರ ಮನಸ್ಸಿಗೆ ಬಿಟ್ಟರೆ ರಾಜಿ ಆಗುವುದಿಲ್ಲ, ಅದಕ್ಕೊಂದು ಕ್ರಮ ಬೇಕು ಎಂಬುದು ಹಳೆಯ ಸಭೆಗಳ ನಿಲುವು. ಕ್ಯಾಥೋಲಿಕರಿಗೆ ಪಾಪನಿವೇದನೆ ಒಂದು ಸಂಸ್ಕಾರ. ಕದ್ದದ್ದನ್ನು ಹಿಂದಿರುಗಿಸು, ನೋಯಿಸಿದವರ ಬಳಿ ಹೋಗು ಎಂದು ಗುರುಗಳು ಹೇಳುವ ಜಾಗ ಅದು. ಪ್ರೊಟೆಸ್ಟೆಂಟರಲ್ಲಿ ಹಿರಿಯರ ಸಮಿತಿ, ಜಗಳವಾಡಿದವರಿಗೆ ಕರ್ತನ ಭೋಜನ ತಡೆಹಿಡಿಯುವ ಶಿಸ್ತು ಇತ್ತು. ಈ ಶಿಸ್ತಿಗೆ ಮತ್ತಾಯ 18ರ ಮೂರು ಮೆಟ್ಟಿಲುಗಳೇ ಆಧಾರ.

ಸಿಎಸ್‌ಐ 1950ರಲ್ಲಿ ರೂಪಿಸಿದ ಆರಾಧನಾ ಕ್ರಮದಲ್ಲಿ ಇದರ ಚಿಕ್ಕ ರೂಪವನ್ನು ಕಣ್ಣಾರೆ ಕಾಣಬಹುದು. ರೊಟ್ಟಿ, ದ್ರಾಕ್ಷಾರಸ ಮುಂದೆ ಬರುವ ಹೊತ್ತಿಗೆ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಕೊಡುವವರು ತಮ್ಮ ಬಲಗೈಯನ್ನು ಪಡೆಯುವವರ ಬಲಗೈಗೆ ತಾಗಿಸುತ್ತಾರೆ. ಇಬ್ಬರೂ ಎಡಗೈಯನ್ನು ಮತ್ತೊಬ್ಬರ ಬಲಗೈ ಮೇಲೆ ಮುಚ್ಚುತ್ತಾರೆ. ಅದು ಅಯ್ಯನವರಿಂದ ಹೊರಟು ಸಾಲು ಸಾಲಾಗಿ ಹಿಂದಿನ ಬೆಂಚಿನವರೆಗೆ ಹೋಗುತ್ತದೆ. ಸಿರಿಯನ್ ಕ್ರೈಸ್ತರ ಪದ್ಧತಿಯಿಂದ ಬಂದ ಈ ರೀತಿಯಲ್ಲಿ ಪಕ್ಕದಲ್ಲಿ ಕೂತವರನ್ನು ಆರಿಸಿಕೊಳ್ಳುವಂತಿಲ್ಲ. ನಿನ್ನೆ ಬೇಲಿ ವಿಷಯಕ್ಕೆ ಕಿತ್ತಾಡಿದವರೇ ಪಕ್ಕದಲ್ಲಿದ್ದರೂ ಕೈ ಮುಂದೆ ಮಾಡಲೇಬೇಕು. ಜಾತಿಯ ಕಾರಣಕ್ಕೆ ಮುಟ್ಟದೆ ನಡೆದ ನಾಡಿನಲ್ಲಿ ಈ ಸ್ಪರ್ಶಕ್ಕೆ ಇರುವ ತೂಕ ಯೂರೋಪಿನಲ್ಲಿ ಇರಲಾರದು.

ಈ ಧಾರೆಯ ದೌರ್ಬಲ್ಯವೂ ಅದರ ಶಕ್ತಿಯಲ್ಲೇ ಇದೆ. ನಡುವೆ ಬರುವ ಹಿರಿಯರು ಒಂದು ಕಡೆಯ ನೆಂಟರಾಗಿದ್ದರೆ? ದೂರು ಗುರುಗಳ ಮೇಲೆಯೇ ಇದ್ದರೆ? ಸಭೆಯ ಮಾನ ಉಳಿಸುವ ಹೆಸರಿನಲ್ಲಿ ಸತ್ಯವನ್ನು ಹೂಳಿದ ಉದಾಹರಣೆಗಳು ಜಗತ್ತಿನಾದ್ಯಂತ ಕಳೆದ ಕೆಲವು ದಶಕಗಳಲ್ಲಿ ಹೊರಬಿದ್ದಿವೆ.

ಮೂರನೆಯ ಧಾರೆ: ನ್ಯಾಯ ಮೊದಲು

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ನಮ್ಮ ಗಾದೆಯಲ್ಲೇ ಈ ಧಾರೆಯ ಸಾರವಿದೆ. ಕ್ಷಮಿಸು, ತಾಳಿಕೋ ಎಂಬ ಬೋಧನೆ ಯಾವಾಗಲೂ ಕೆಳಗಿರುವವರಿಗೇ ಏಕೆ ಎಂದು ಅದು ಕೇಳುತ್ತದೆ. ಅಮೆರಿಕದ ದೇವಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬೂರ್ 1932ರಲ್ಲೇ, ವ್ಯಕ್ತಿಗಳ ನಡುವೆ ಕೆಲಸ ಮಾಡುವ ಪ್ರೀತಿ ಗುಂಪುಗಳ ನಡುವೆ ಸಾಲದು, ಅಲ್ಲಿ ಅಧಿಕಾರದ ಲೆಕ್ಕ ಬರುತ್ತದೆ ಎಂದು ವಾದಿಸಿದ್ದರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣ ದಲಿತ ದೇವಶಾಸ್ತ್ರಕ್ಕೆ ದಾರಿ ತೆರೆಯಿತು. ಭಾರತದ ಕ್ರೈಸ್ತರಲ್ಲಿ ಬಹುಪಾಲು ದಲಿತರಾಗಿರುವಾಗ ದೇವರ ಮಾತನ್ನು ಅವರ ನೋವಿನಿಂದ ಓದಬೇಕು ಎಂಬುದು ಅದರ ತಿರುಳು.

ನೋವು ಹೊರಗಿನವರಿಂದ ಮಾತ್ರವಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಸಿಗುವುದಿಲ್ಲ. ಕರ್ನಾಟಕ ಅವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದೆ. ಸರ್ಕಾರದ ಕಡತದಲ್ಲಿ ಜಾತಿ ಹೋಯಿತು. ಸಭೆಯೊಳಗೇ ಸಂಬಂಧ ಕೇಳುವಾಗ, ಹೊರಗೆ ಬಾಡಿಗೆ ಮನೆ ಹುಡುಕುವಾಗ ಉಳಿಯಿತು.

ಹೆಣ್ಣುಮಕ್ಕಳ ಕಡೆಯಿಂದ ನೋಡಿದರೆ ಈ ವಾದ ಇನ್ನೂ ಗಟ್ಟಿಯಾಗುತ್ತದೆ. 1869ರ ವಿಚ್ಛೇದನ ಕಾಯ್ದೆಯಡಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಾಗಿತ್ತು. ಹೆಂಡತಿ ಮಾತ್ರ ಅದರ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. 2001ರ ತಿದ್ದುಪಡಿ ಬರುವವರೆಗೆ ಇದೇ ನಡೆಯಿತು. ಅಷ್ಟು ಕಾಲ 'ತಾಳಿಕೋ ತಾಯಿ, ಪ್ರಾರ್ಥನೆ ಮಾಡು' ಎಂಬ ಬುದ್ಧಿಮಾತಿಗೆ ಕಾನೂನಿನ ಬೆಂಬಲವೂ ಇತ್ತು.

ಈ ಧಾರೆಗೆ ಕೇಳಬೇಕಾದ ಪ್ರಶ್ನೆಯೂ ಇದೆ. ನ್ಯಾಯ ಸಿಕ್ಕಿದ ಮೇಲೆ ಅದೇ ಓಣಿಯಲ್ಲಿ ಮುಖ ನೋಡಿಕೊಂಡು ಬದುಕುವುದು ಹೇಗೆ? ಹೋರಾಟದ ಭಾಷೆ ಇದಕ್ಕೆ ಕಡಿಮೆ ಉತ್ತರ ಕೊಟ್ಟಿದೆ.

ನಾಲ್ಕನೆಯ ಧಾರೆ: ನೆರೆಯವರೊಂದಿಗೆ ಮಾತು

ಕಂಪ್ಲಿಯ ಓಣಿಗಳನ್ನು ಕಲ್ಪಿಸಿಕೊಳ್ಳಿ. ಜಾತ್ರೆ ಮುಗಿಸಿ ಬಂದ ಪಕ್ಕದ ಮನೆಯಾಕೆ ಸ್ಟೀಲಿನ ತಟ್ಟೆಯಲ್ಲಿ ಕಾಯಿಹೋಳು, ಮಂಡಕ್ಕಿ, ಬತ್ತಾಸು ಹಿಡಿದು 'ತಗೊಳ್ರೀ ಅಕ್ಕಾರ' ಎನ್ನುತ್ತಾಳೆ. ಒಬ್ಬ ಕ್ರೈಸ್ತ ಗೃಹಿಣಿ ತೆಗೆದುಕೊಂಡು, ಪ್ರಾರ್ಥಿಸಿ ತಿನ್ನುತ್ತಾಳೆ. ಇನ್ನೊಬ್ಬಳು ತೆಗೆದುಕೊಂಡು ಬೇರೆಯವರಿಗೆ ಕೊಡುತ್ತಾಳೆ. ಮೂರನೆಯವಳು 'ನಮ್ಮಲ್ಲಿ ತಿನ್ನಂಗಿಲ್ರೀ, ಬ್ಯಾಸರ ಮಾಡ್ಕೋಬ್ಯಾಡ್ರಿ' ಎಂದು ಕೈಮುಗಿಯುತ್ತಾಳೆ. ಮೂವರೂ ಪೌಲನನ್ನೇ ಆಧಾರವಾಗಿ ತೋರಿಸಬಲ್ಲರು. ವಿಗ್ರಹ ಏನೂ ಅಲ್ಲ, ಆದ್ದರಿಂದ ಆಹಾರ ಆಹಾರವೇ ಎಂದೂ ಅವನು ಹೇಳಿದ್ದಾನೆ. ದುರ್ಬಲ ಮನಸ್ಸಿನ ಸಹೋದರ ಎಡವುವಂತಿದ್ದರೆ ಬಿಡು ಎಂದೂ, ಇದು ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ತಿನ್ನಬೇಡ ಎಂದೂ ಹೇಳಿದ್ದಾನೆ. ಕ್ರಿಸ್ಮಸ್ಸಿಗೆ ಅದೇ ತಟ್ಟೆ ಕೇಕು, ಕರ್ಜಿಕಾಯಿ ತುಂಬಿಕೊಂಡು ವಾಪಸು ಹೋಗುವ ಮನೆಗಳಲ್ಲಿ ಮೂರನೆಯ ಉತ್ತರ ಹೇಳುವುದು ಕಷ್ಟ.

ನೆರೆಯವರೊಂದಿಗಿನ ಈ ಮಾತುಕತೆಯನ್ನು ದೇವಶಾಸ್ತ್ರದ ಮಟ್ಟಕ್ಕೆ ಏರಿಸಿದವರಲ್ಲಿ ಕನ್ನಡ ನಾಡಿನವರೂ ಇದ್ದಾರೆ. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. 1971ರಲ್ಲಿ ಜಿನೀವಾದ ವಿಶ್ವ ಚರ್ಚುಗಳ ಮಂಡಳಿಯ ಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ನೆರೆಯವನ ನಂಬಿಕೆಯನ್ನು ಗೌರವದಿಂದ ಕೇಳುವುದೂ ಕ್ರಿಸ್ತನ ಹಿಂಬಾಲನೆಯೇ ಎಂಬುದು ಅವರ ನಿಲುವು. ಕ್ಯಾಥೋಲಿಕರಲ್ಲಿ 1965ರ ಎರಡನೇ ವ್ಯಾಟಿಕನ್ ಪರಿಷತ್ತಿನ ಘೋಷಣೆ ಇತರ ಧರ್ಮಗಳಲ್ಲಿರುವ ಸತ್ಯವನ್ನೂ ಪವಿತ್ರವನ್ನೂ ತಿರಸ್ಕರಿಸುವುದಿಲ್ಲ ಎಂದಿತು. ಬೆಂಗಳೂರಿನಲ್ಲಿ ಡಿ. ಎಸ್. ಅಮಲೋರ್ಪವದಾಸ್ ಕಟ್ಟಿದ ಕೇಂದ್ರವು ಆರತಿ, ನೆಲದ ಮೇಲೆ ಕೂರುವುದು ಮುಂತಾದವನ್ನು ಪೂಜಾವಿಧಿಗೆ ತಂದಿತು.

ಈ ಧಾರೆಯನ್ನು ಎರಡು ಕಡೆಯಿಂದ ಟೀಕಿಸುತ್ತಾರೆ. ವಿಶ್ವಾಸವನ್ನು ತೆಳುವಾಗಿಸಿತು ಎಂದು ಸುವಾರ್ತಿಕರು. ಮೇಲ್ಜಾತಿಯ ಆಚಾರಗಳನ್ನು ಭಾರತೀಯತೆಯೆಂದು ಒಪ್ಪಿಕೊಂಡಿತು ಎಂದು ದಲಿತ ಚಿಂತಕರು. 2022ರಲ್ಲಿ ಕರ್ನಾಟಕ ಮತಾಂತರ ನಿಯಂತ್ರಣ ಕಾಯ್ದೆ ತಂದಾಗ, 2023ರಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂತೆಗೆಯಲು ನಿರ್ಧರಿಸಿದಾಗ ಈ ಮಾತುಕತೆಯ ಮೇಲೆ ಅನುಮಾನದ ನೆರಳೂ ಬಿತ್ತು. ನೆರೆಯವರ ಕಾಯಿಲೆಗೆ ಪ್ರಾರ್ಥಿಸುವುದು ಸಹಾಯವೋ ಆಮಿಷವೋ ಎಂಬ ಪ್ರಶ್ನೆ ಓಣಿಯೊಳಗೂ ಬಂತು.

ನಾಲ್ಕೂ ಸೇರುವ ಜಾಗ

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಸುಟ್ಟು ಕೊಂದರು. ಹೆಂಡತಿ ಗ್ಲ್ಯಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಅವರ ಕ್ಷಮೆ ಮೊಕದ್ದಮೆಯನ್ನು ನಿಲ್ಲಿಸಲಿಲ್ಲ; ಕೋರ್ಟು ತನ್ನ ಕೆಲಸ ಮಾಡಿತು, ಶಿಕ್ಷೆಯೂ ಆಯಿತು. ಕ್ಷಮೆ ಮತ್ತು ಕಾನೂನು ಒಂದರ ಜಾಗವನ್ನು ಇನ್ನೊಂದು ಕಸಿಯದೆ ನಡೆಯಬಲ್ಲವು ಎಂಬುದಕ್ಕೆ ನಮ್ಮ ದೇಶದಲ್ಲಿ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ಇದನ್ನು ಮುಂದಿಟ್ಟು ನೋಡಿದರೆ ನಾಲ್ಕು ಧಾರೆಗಳ ಜಗಳ ಅರ್ಧ ಕಡಿಮೆಯಾಗುತ್ತದೆ. ಹಮ್ಮಿನ ಜಗಳಕ್ಕೆ ಮೊದಲ ಧಾರೆಯ ಉತ್ತರ ಸಾಕು. ಸಭೆಯೊಳಗಿನ ಮನಸ್ತಾಪಕ್ಕೆ ಎರಡನೆಯದು ಬೇಕು. ಹೊಡೆತ, ವಂಚನೆ, ಜಾತಿಯ ಅವಮಾನ ಇದ್ದಲ್ಲಿ ಮೂರನೆಯದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬೇರೆ ನಂಬಿಕೆಯವರ ಜೊತೆಗಿನ ಬದುಕಿಗೆ ನಾಲ್ಕನೆಯದು. ಒಂದರ ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ಹೇಳಿದಾಗಲೇ ವಿಶ್ವಾಸ ಹೊರೆಯಾಗುವುದು.

ಇನ್ನೂ ತೀರ್ಮಾನವಾಗದವು

ಒಂದು, ತಪ್ಪೊಪ್ಪಿಗೆಗೆ ಮೊದಲೇ ಕ್ಷಮೆ ಕಡ್ಡಾಯವೇ ಎಂಬುದು. ಶಿಲುಬೆಯ ಮೇಲಿನ ಯೇಸುವನ್ನು ತೋರಿಸಿ ಹೌದೆನ್ನುವವರಿದ್ದಾರೆ; ತಪ್ಪಿತಸ್ಥ ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎಂಬ ಲೂಕ 17ನೇ ಅಧ್ಯಾಯದ ಮಾತನ್ನು ಹಿಡಿದು ಅಲ್ಲವೆನ್ನುವವರೂ ಇದ್ದಾರೆ. ಎರಡು, ಸಭೆ ಯಾವ ದೂರನ್ನು ತಾನೇ ವಿಚಾರಿಸಬಹುದು, ಯಾವುದನ್ನು ಆ ದಿನವೇ ಪೊಲೀಸರಿಗೆ ಒಪ್ಪಿಸಬೇಕು ಎಂಬ ಗೆರೆ. ಮಕ್ಕಳ ಮೇಲಿನ ದೌರ್ಜನ್ಯದಲ್ಲಿ 2012ರ ಪೋಕ್ಸೊ ಕಾಯ್ದೆ ಈ ಗೆರೆ ಎಳೆದಿದೆ. ಉಳಿದ ಕಡೆ ಅದು ಅಸ್ಪಷ್ಟ. ಮೂರು, ಪ್ರಸಾದ, ಹಬ್ಬದೂಟ, ಮಿಶ್ರ ವಿವಾಹದ ಮನೆಗಳ ಆಚರಣೆ. ಇಲ್ಲಿ ಪಂಗಡಕ್ಕೊಂದು, ಮನೆಗೊಂದು ಉತ್ತರವಿದೆ. ನಾಲ್ಕು, ಒಂದೇ ಊರಿನ ಸಭೆಗಳೊಳಗೆ ಭಾಷೆ ಮತ್ತು ಜಾತಿ ಎಳೆದ ಗೆರೆಗಳು. ಸಮಾಧಾನದ ಕೈ ಅವುಗಳನ್ನು ದಾಟಿದೆಯೇ ಎಂಬುದನ್ನು ಮದುವೆಯ ಸಂಬಂಧಗಳೇ ಹೇಳಬೇಕು.

ಇವೆಲ್ಲದರ ಬುಡದಲ್ಲಿರುವ ಪ್ರಶ್ನೆ ಒಂದೇ: ಮೊದಲು ಬಗ್ಗಬೇಕಾದವರು ಯಾರು? ಮತ್ತಾಯನ ಸುವಾರ್ತೆ ನೋಯಿಸಿದವನನ್ನೂ ನೊಂದವನನ್ನೂ ಹೊರಡಿಸುತ್ತದೆ. ನಮ್ಮ ಉಪದೇಶಗಳು ಮಾತ್ರ ಹೆಚ್ಚಾಗಿ ನೊಂದವರನ್ನೇ ಹೊರಡಿಸಿವೆ. ಹಿರಿಯರು, ಗಂಡಂದಿರು, ಮಾಲೀಕರು, ಸಭಾಪಾಲಕರು 5ನೇ ಅಧ್ಯಾಯವನ್ನು ತಮಗೆಂದೇ ಬರೆದದ್ದೆಂದು ಓದಿಕೊಳ್ಳಲಿ. ಅಷ್ಟಾದ ಮೇಲೆ ಉಳಿದವರಿಗೆ 18ನೇ ಅಧ್ಯಾಯ ಬೋಧಿಸುವ ಹಕ್ಕು ಅವರಿಗೆ ಬಂದೀತು.